ಗೆಳೆಯನಿಗೊಂದು ಪತ್ರ: ದೇವರಿಗೆ ದೂರು ಹೇಳಿದ ಹಾಡುಗಾರರು

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಎರಡು ಪ್ರಶ್ನೆ ಕೇಳಿದೆ. ತಂಗಿ ತೀರಿಕೊಂಡ ಮೇಲೆ ದೇವರ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದವನು ಈಗ ಮತ್ತೆ ಹೇಗೆ ಚರ್ಚಿಗೆ ಹೋಗುತ್ತಿದ್ದೀಯ ಅಂತ ಒಂದು. ಆಗಾಗ ನೀನು ಕಳಿಸುವ ಈ ಕರಕರ ಸದ್ದಿನ ಹಳೇ ಹಾಡುಗಳು ಯಾರದ್ದು ಮಾರಾಯ ಅಂತ ಇನ್ನೊಂದು. ಎರಡಕ್ಕೂ ನನ್ನ ಹತ್ತಿರ ಇರುವುದು ಒಂದೇ ಉತ್ತರ. ಅದನ್ನು ಫೋನಿನಲ್ಲಿ ಹೇಳಿ ಮುಗಿಸಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮಂಥ ಇನ್ಯಾರಿಗಾದರೂ ಬೇಕಾದೀತು ಅಂತ ಎಲ್ಲರಿಗೂ ಓದಲು ಬಿಡುತ್ತಿದ್ದೇನೆ.

ನಮ್ಮ ಮನೆಯ ವಿಷಯ ನಿನಗೆ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕಟ್ಟಿದ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಮನೆತನ ನಮ್ಮದು. 1834ರಲ್ಲಿ ಆ ಮಿಷನ್ನಿನ ಪಾದ್ರಿಗಳು ಮಂಗಳೂರಿಗೆ ಬಂದು ನೆಲೆಸಿದರು. ಶಾಲೆ, ಅಚ್ಚುಕೂಟ, ನೇಯ್ಗೆ ಎಲ್ಲ ಅವರ ಹಿಂದೆಯೇ ಬಂದವು. 1865ರಲ್ಲಿ ನೇತ್ರಾವತಿ ದಂಡೆಯ ಮೇಲೆ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯೂ ಬಂತು. ನಮ್ಮ ಮುತ್ತಜ್ಜ ಹಂಚಿನ ಕೆಲಸದವರು. ಹಂಚಿನ ಜೊತೆಗೆ ಅವರು ಮನೆಗೆ ತಂದದ್ದು ಹಾಡು. ರಾತ್ರಿ ಊಟಕ್ಕೆ ಮೊದಲು ಮನೆ ಪ್ರಾರ್ಥನೆ, ಪ್ರಾರ್ಥನೆಗೆ ಮೊದಲು ಸಂಗೀತ ಪುಸ್ತಕದಿಂದ ಒಂದು ಗೀತೆ. ಜರ್ಮನಿಯ ರಾಗ, ಕನ್ನಡದ ಮಾತು. ಅಮ್ಮ ಮೇಲಿನ ಸ್ವರ, ಅಪ್ಪ ಗಂಡುದನಿಯ ಕೆಳಗಿನ ಬೇಸ್, ನಾನು ದನಿ ಒಡೆದ ಮೇಲೆ ಗಂಡುದನಿಯ ಮೇಲಿನ ಟೆನರ್, ತಂಗಿ ಹೆಣ್ಣುದನಿಯ ಕೆಳಗಿನ ಆಲ್ಟೊ. ಇಡೀ ಕೇರಿಗೆ ಕೇಳುವ ಹಾಗೆ ನಾಲ್ಕು ಸ್ವರದಲ್ಲಿ ಹಾಡುತ್ತಿದ್ದೆವು. ನೀನು ಜಗಲಿಯ ಕಟ್ಟೆಯ ಮೇಲೆ ಕೂತು ನಮ್ಮ ಆಮೆನ್ ಕೇಳಿಸುವ ತನಕ ಕಾಯುತ್ತಿದ್ದೆ, ನೆನಪಿದೆಯಾ?

ಆಗ ನಂಬಿಕೆ ಅಂದರೆ ನನಗೆ ಯೋಚನೆಯ ವಿಷಯ ಆಗಿರಲಿಲ್ಲ. ಸಂಡೇ ಸ್ಕೂಲಿನಲ್ಲಿ ಬೈಬಲ್ ವಚನ ಬಾಯಿಪಾಠ ಮಾಡಿದೆ, ಸಭೆಯ ಪೂರ್ಣ ಸದಸ್ಯನಾಗುವ ದೃಢೀಕರಣ ಆಯಿತು, ಬಿಳಿ ಅಂಗಿ ಹಾಕಿ ಕರ್ತನ ಭೋಜನ ತೆಗೆದುಕೊಂಡೆ. ಎಲ್ಲಕ್ಕಿಂತ ಗಟ್ಟಿಯಾಗಿ ಒಳಗೆ ಇಳಿದದ್ದು ಹಾಡೇ. ಆಮೇಲೆ ಬೆಂಗಳೂರಿಗೆ ಕೆಲಸಕ್ಕೆ ಬಂದೆ. ಇಲ್ಲಿ ಒಂದು ದೊಡ್ಡ ಸಭೆಗೆ ಹೋಗತೊಡಗಿದೆ. ವೇದಿಕೆ, ಡ್ರಮ್ಸ್, ಬಣ್ಣದ ದೀಪ. ಅಲ್ಲಿಯ ಜನ ಪ್ರೀತಿಯವರೇ. ಹಾಡು ಮಾತ್ರ ಎಲ್ಲವೂ ಒಂದೇ ಬಗೆ: ಗೆಲುವು, ಸಂತೋಷ, ಬಲ, ಮತ್ತೆ ಗೆಲುವು. ವಯಸ್ಸಿನ ಹುರುಪಿಗೆ ಅದು ಚೆನ್ನಾಗಿಯೇ ಇತ್ತು.

ತಂಗಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾದ ಮೇಲಿನ ಕಥೆ ನೀನೂ ಕಂಡದ್ದೇ. ರಕ್ತ ಕೊಡಲು ರಾತ್ರಿ ಬಸ್ಸು ಹತ್ತಿ ಬಂದವನು ನೀನು. ಸಭೆಯವರು ಉಪವಾಸ ಮಾಡಿದರು, ಕೈ ಇಟ್ಟು ಪ್ರಾರ್ಥಿಸಿದರು, ಗುಣ ಆಗಿಯೇ ಆಗುತ್ತದೆ ಅಂತ ಮಾತು ಕೊಟ್ಟರು. ಅವಳು ಹೋದಳು. ಮಣ್ಣು ಮಾಡಿ ಬಂದ ಮೇಲೆ ಒಬ್ಬರು ಅಮ್ಮನ ಪಕ್ಕ ಕೂತು, ಮನೆಯವರ ನಂಬಿಕೆ ಸ್ವಲ್ಪ ಕಡಿಮೆ ಬಿತ್ತೇನೋ ಅಂದರು. ಆ ಮಾತು ನಾನು ನಿನಗೆ ಇದುವರೆಗೆ ಹೇಳಿರಲಿಲ್ಲ. ಅಮ್ಮ ಏನೂ ಹೇಳಲಿಲ್ಲ, ಎದ್ದು ಒಳಗೆ ಹೋದರು. ಮುಂದಿನ ಭಾನುವಾರ ನಾನು ಸಭೆಗೆ ಹೋದಾಗ ವೇದಿಕೆಯ ಮೇಲೆ ಅದೇ ಗೆಲುವಿನ ಹಾಡು. ನನ್ನ ಬಾಯಿ ತೆರೆಯಲಿಲ್ಲ. ಊರಲ್ಲಿ ಮನೆ ಪ್ರಾರ್ಥನೆಯಲ್ಲೂ ಹಾಗೇ ಆಯಿತು. ಮೂರು ಸ್ವರ ಇದ್ದವು, ಆಲ್ಟೊ ಇರಲಿಲ್ಲ. ಎರಡನೇ ಸಾಲಿಗೆ ಅಪ್ಪ ಪುಸ್ತಕ ಮುಚ್ಚಿದರು. ಅಂದಿನಿಂದ ನಾನು ಪ್ರಾರ್ಥನೆ ಬಿಟ್ಟೆ. ದೇವರು ಇಲ್ಲ ಅಂತ ತೀರ್ಮಾನಕ್ಕೆ ಬಂದೆ ಅಂತಲ್ಲ. ಅವನ ಜೊತೆ ಮಾತಾಡಲು ನನ್ನ ಹತ್ತಿರ ಮಾತೇ ಉಳಿದಿರಲಿಲ್ಲ.

ಹಾಡು ಕೇಳುವ ಚಟ ಮಾತ್ರ ಬಿಡಲಿಲ್ಲ. ಹೆಸರು ಕೇಳಿರದ ಹಾಡುಗಾರರನ್ನು ಹುಡುಕುವುದು ಕಾಲೇಜಿನಿಂದಲೂ ನನ್ನ ಹುಚ್ಚು ಅಂತ ನಿನಗೆ ಗೊತ್ತು. ಹಳೇ ಕ್ಯಾಸೆಟ್ಟು, ಸಿ.ಡಿ. ರಾಶಿ ಹಾಕಿದ ಅಂಗಡಿ ಕಂಡರೆ ಅಲ್ಲೇ ಕೂರುತ್ತಿದ್ದೆ. ಹಾಗೇ ಒಂದು ರಾತ್ರಿ ವಾಷಿಂಗ್ಟನ್ ಫಿಲಿಪ್ಸ್ ಎಂಬವನ ದನಿ ಕಿವಿಗೆ ಬಿತ್ತು.

ಮೊದಲು ಆ ವಾದ್ಯದ ಸದ್ದು ಕೇಳು. ನಮ್ಮ ಸ್ವರಮಂಡಲವನ್ನು ಯಾರೋ ಪಕ್ಕದ ಕೋಣೆಯಲ್ಲಿ ಮೆಲ್ಲಗೆ ನುಡಿಸಿದ ಹಾಗೆ ಇರುತ್ತದೆ. ಅದರ ಮೇಲೆ ಒಂದು ಸಾದಾ ದನಿ. ಆಲಾಪ ಇಲ್ಲ, ಅಬ್ಬರ ಇಲ್ಲ. ಹಿತ್ತಲಲ್ಲಿ ಕೆಲಸ ಮಾಡುತ್ತಾ ಹಾಡಿಕೊಂಡ ಹಾಗೆ. ಹಾಡಿನ ಹೆಸರು 'ವಾಟ್ ಆರ್ ದೇ ಡೂಯಿಂಗ್ ಇನ್ ಹೆವೆನ್ ಟುಡೇ'. ಇಲ್ಲಿ ಕಾಯಿಲೆಯಲ್ಲಿ ನರಳಿದವರು, ಬಡತನದಲ್ಲಿ ಸತ್ತವರು, ಅತ್ತು ಅತ್ತು ಹೋದವರು, ಅವರೆಲ್ಲ ಇವತ್ತು ಅಲ್ಲಿ ಏನು ಮಾಡುತ್ತಿರಬಹುದು ಅಂತ ಆತ ಕೇಳುತ್ತಾನೆ. ಅಷ್ಟೇ, ಕೇಳುತ್ತಾನೆ. ನಾನೂ ಅದನ್ನೇ ಕೇಳಬೇಕು ಅಂತಿದ್ದೆ ಅಲ್ವಾ? ಅವಳು ಈಗ ಏನು ಮಾಡುತ್ತಿದ್ದಾಳೆ ಅಂತ. ನನ್ನ ಸುತ್ತ ಇದ್ದವರೆಲ್ಲ ಉತ್ತರ ಹೇಳುತ್ತಿದ್ದರು. ಪ್ರಶ್ನೆಯನ್ನು ನನ್ನ ಜೊತೆ ಕೂತು ಕೇಳಿದವನು ಇವನೊಬ್ಬನೇ. ಆ ರಾತ್ರಿ ನಾನು ತುಂಬಾ ಅತ್ತೆ. ಅವಳು ಹೋದ ಮೇಲೆ ಅದೇ ಮೊದಲ ಸಲ ಅಷ್ಟು ಅತ್ತದ್ದು.

ಆ ಹಾಡು ಬರೆದವರು ಚಾರ್ಲ್ಸ್ ಟಿಂಡ್ಲಿ ಅಂತ ಒಬ್ಬ ಕಪ್ಪು ಜನಾಂಗದ ಪಾದ್ರಿ. ಅವರ ತಂದೆ ಗುಲಾಮನಾಗಿದ್ದವರು. ಮಗ ತಾನಾಗಿಯೇ ಓದು ಕಲಿತರು, ಫಿಲಡೆಲ್ಫಿಯಾದ ಒಂದು ಚರ್ಚಿನಲ್ಲಿ ಕಸ ಗುಡಿಸುವ ಕೆಲಸಕ್ಕಿದ್ದರು, ಮುಂದೆ ಅದೇ ಸಭೆಗೆ ಪಾದ್ರಿಯಾಗಿ ಬಂದರು. ಹಾಡು 1901ರದ್ದು. ಫಿಲಿಪ್ಸ್ ಅದನ್ನು ಹಾಡಿದ್ದು 1928ರಲ್ಲಿ.

ಫಿಲಿಪ್ಸ್ ಯಾರು ಅಂತ ಹುಡುಕಿದೆ. 1880ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಹುಟ್ಟಿದವನು. ಸಿಮ್ಸ್‌ಬರೋ ಎಂಬ ಸಣ್ಣ ಊರಿನಲ್ಲಿ ಹೊಲ ಮಾಡಿಕೊಂಡಿದ್ದ. ತನ್ನದೇ ಅಂತ ಒಂದು ಸಭೆ ಇಲ್ಲದಿದ್ದರೂ ಕರೆದಲ್ಲಿಗೆ ಹೋಗಿ ಬೋಧನೆ ಮಾಡುತ್ತಿದ್ದ, ಹಾಡುತ್ತಿದ್ದ. ಕೊಲಂಬಿಯಾ ಎಂಬ ರೆಕಾರ್ಡ್ ಕಂಪನಿಯವರು ಡಲ್ಲಾಸ್‌ಗೆ ಬಂದು ತಾತ್ಕಾಲಿಕ ಸ್ಟುಡಿಯೋ ಹಾಕಿದಾಗ 1927ರಿಂದ 1929ರ ಒಳಗೆ ಆತ ಹಾಡಿದ್ದು 18 ಹಾಡು. ಉಳಿದಿರುವುದು 16. ಅಷ್ಟೇ ಅವನ ಜೀವಮಾನದ ಸಂಗೀತ. ಆಮೇಲೆ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ ಬಂತು, ರೆಕಾರ್ಡು ಕೊಳ್ಳುವವರೇ ಇಲ್ಲವಾದರು, ಆತ ಹೊಲಕ್ಕೆ ಮರಳಿದ. 1954ರಲ್ಲಿ, 74ನೇ ವಯಸ್ಸಿನಲ್ಲಿ, ಸರಕಾರಿ ನೆರವು ಕೊಡುವ ಕಚೇರಿಯ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡ.

ಇನ್ನೊಂದು ಸಂಗತಿ ಕೇಳು. ಬಹಳ ವರ್ಷಗಳ ಕಾಲ ಆತನ ಜೀವನ ಕಥೆಯನ್ನೇ ಜನ ತಪ್ಪಾಗಿ ಬರೆದಿದ್ದರು. ಅದೇ ಹೆಸರಿನ ಇನ್ನೊಬ್ಬ 1938ರಲ್ಲಿ ಮಾನಸಿಕ ಆಸ್ಪತ್ರೆಯೊಂದರಲ್ಲಿ ಸತ್ತಿದ್ದ. ಅವನೇ ಇವನು ಅಂತ ಎಲ್ಲರೂ ನಂಬಿದ್ದರು. ಆ ವಾದ್ಯದ ಬಗ್ಗೆಯೂ ಹಾಗೇ, ಅದು ಯಾವುದು ಅಂತ ವಾದ ನಡೆಯುತ್ತಲೇ ಇತ್ತು. 1907ರ ಒಂದು ಸ್ಥಳೀಯ ಪತ್ರಿಕೆಯಲ್ಲಿ ಆತನ ಬಗ್ಗೆ ಸಣ್ಣ ಸುದ್ದಿ ಬಂದಿತ್ತು. ಪೆಟ್ಟಿಗೆಗೆ ಪಿಟೀಲಿನ ತಂತಿ ಬಿಗಿದು ತಾನೇ ಮಾಡಿಕೊಂಡ ವಾದ್ಯ, ಅದಕ್ಕೆ 'ಮಂಜರೀನ್' ಅಂತ ಹೆಸರು ಕೊಟ್ಟಿದ್ದಾನೆ ಅಂತ ಅದರಲ್ಲಿದೆ. ಸಾಯುವ ತನಕ ಅವನ ಊರಿನವರಿಗೆ ಅವನು ಕಬ್ಬಿನ ಪಾಕ ಮಾರುವ ಮುದುಕ. ಅವನ ಹೆಸರು, ಸಾವು, ವಾದ್ಯ ಎಲ್ಲವನ್ನೂ ಲೋಕ ಅದಲು ಬದಲು ಮಾಡಿತು. ಹಾಡು ಮಾತ್ರ ನನ್ನ ತನಕ ಸರಿಯಾಗಿ ಬಂದು ಮುಟ್ಟಿತು. ಇದನ್ನು ನಾನು ಕೃಪೆ ಅಂತಲೇ ಕರೆಯುತ್ತೇನೆ. ನೀನು ಬೇರೆ ಏನಾದರೂ ಕರೆ, ಪರವಾಗಿಲ್ಲ.

ಆ ಹಾಡು ಕೇಳಿ ನಂಬಿಕೆ ತಿರುಗಿ ಬಂತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆದದ್ದು ಇಷ್ಟು: ಬೈಬಲ್ ತೆಗೆದೆ. ಅದೂ ಅದರೊಳಗಿನ 150 ಹಾಡುಗಳ ಕೀರ್ತನೆಗಳ ಪುಸ್ತಕ ಮಾತ್ರ. ಚಿಕ್ಕಂದಿನಲ್ಲಿ ನಾವು ಬಾಯಿಪಾಠ ಮಾಡಿದ್ದು 23, 100, 121, ಹೀಗೆ ನೆಮ್ಮದಿಯ ಕೀರ್ತನೆಗಳು. ಈಗ ಸಾಲಾಗಿ ಓದಿದಾಗ ಬೆರಗಾಯಿತು. 150ರಲ್ಲಿ ಮೂರನೇ ಒಂದು ಪಾಲಿನಷ್ಟು ಬರೀ ದೂರು, ಅಳು, ಜಗಳ. ಎಷ್ಟು ಕಾಲ ನನ್ನನ್ನು ಮರೆತಿರುತ್ತೀಯ, ಯಾಕೆ ಮುಖ ಮರೆಮಾಡಿಕೊಂಡಿದ್ದೀಯ, ಎದ್ದೇಳು, ಯಾಕೆ ನಿದ್ದೆ ಮಾಡುತ್ತಿದ್ದೀಯ ಅಂತ ದೇವರಿಗೇ ನೇರವಾಗಿ ಕೇಳುತ್ತಾರೆ. 88ನೇ ಕೀರ್ತನೆಗೆ ಸಮಾಧಾನದ ಕೊನೆಯೇ ಇಲ್ಲ. ಕತ್ತಲೆಯಲ್ಲೇ ಅದು ನಿಂತುಬಿಡುತ್ತದೆ. ಅದರ ತಲೆಬರಹದಲ್ಲಿ ಹೇಮಾನ ಎಂಬ ಹೆಸರಿದೆ. ಬೈಬಲಿನ ಪೂರ್ವಕಾಲವೃತ್ತಾಂತದ ಪುಸ್ತಕದಲ್ಲಿ ದೇವಾಲಯದ ಹಾಡುಗಾರರ ಪಟ್ಟಿ ಬರುತ್ತದೆ, ಅಲ್ಲೂ ಒಬ್ಬ ಹೇಮಾನ ಇದ್ದಾನೆ, ಕಂಚಿನ ತಾಳ ಬಾರಿಸುವವನು. ಇಬ್ಬರೂ ಒಬ್ಬನೇ ಅಂತ ನಂಬುವವರು ಬಹಳ. ಕೀರ್ತನೆ ಕಟ್ಟಿದ ರಾಜ ದಾವೀದನ ಹೆಸರು ಎಲ್ಲರಿಗೂ ಗೊತ್ತು. ಹೇಮಾನನನ್ನು ಕೇಳಿದವರು ಯಾರು? ಆದರೂ ಅವನ ಆ ಕತ್ತಲೆಯ ಹಾಡನ್ನು ಯಾರೂ ಕಿತ್ತು ಹಾಕಲಿಲ್ಲ, ಕೊನೆಗೆ ಒಂದು ಒಳ್ಳೆಯ ಮಾತು ಸೇರಿಸಿ ತಿದ್ದಲೂ ಇಲ್ಲ. ಪವಿತ್ರ ಗ್ರಂಥದ ನಡುವೆ ಹಾಗೇ ಬಿಟ್ಟಿದ್ದಾರೆ.

ಶಿಲುಬೆಯ ಮೇಲೆ ಯೇಸು ಕೂಗಿದ 'ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ' ಎಂಬ ಮಾತೂ 22ನೇ ಕೀರ್ತನೆಯ ಮೊದಲ ಸಾಲು. ಇದು ನನಗೆ ಸಂಡೇ ಸ್ಕೂಲಿನಿಂದಲೂ ಗೊತ್ತಿತ್ತು. ಗೊತ್ತಿದ್ದದ್ದು ಎದೆಗೆ ಇಳಿದದ್ದು ಆಗ. ದೇವರ ಮಗನೇ ದೂರು ಹೇಳಿ ಪ್ರಾಣ ಬಿಟ್ಟಿದ್ದಾನೆ. ಹಾಗಿದ್ದ ಮೇಲೆ ದೂರು ಹೇಳುವವನ ನಂಬಿಕೆ ಕಡಿಮೆ ಬಿತ್ತು ಅಂತ ಯಾರು ಹೇಳಲು ಸಾಧ್ಯ? ಜಗಳ ಆಡಬೇಕಾದರೆ ಎದುರಿಗೆ ಒಬ್ಬ ಇರಲೇಬೇಕು. ನಾನು ಮತ್ತೆ ಪ್ರಾರ್ಥನೆ ಶುರು ಮಾಡಿದ್ದು ಜಗಳದಿಂದಲೇ. ನಿಮ್ಮಲ್ಲಿ ನಿಂದಾಸ್ತುತಿ ಅಂತ ಇದೆಯಲ್ಲ, ದಾಸರು ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರಲ್ಲ, ನಿನಗೆ ಇದು ನನಗಿಂತ ಬೇಗ ಅರ್ಥವಾಗುತ್ತದೆ.

ಅದೇ ಡಲ್ಲಾಸ್, ಅದೇ 1927ರ ಡಿಸೆಂಬರ್ ಮೊದಲ ವಾರ. ಫಿಲಿಪ್ಸ್ ಹಾಡಿದ ಆಸುಪಾಸಿನಲ್ಲೇ ಅದೇ ಕಂಪನಿಗೆ ಇನ್ನೊಬ್ಬ ಹಾಡಿದ, ಬ್ಲೈಂಡ್ ವಿಲ್ಲೀ ಜಾನ್ಸನ್. ಬೀದಿಯಲ್ಲಿ ಗಿಟಾರ್ ನುಡಿಸಿ ಸುವಾರ್ತೆ ಹಾಡುತ್ತಿದ್ದ ಕುರುಡ. ಡಿಸೆಂಬರ್ 3ರಂದು ಆತ ಮಾಡಿದ 'ಡಾರ್ಕ್ ವಾಸ್ ದ ನೈಟ್' ರೆಕಾರ್ಡಿನಲ್ಲಿ ಮಾತೇ ಇಲ್ಲ. ಗಿಟಾರ್ ತಂತಿ ಅಳುತ್ತದೆ, ಅದರ ಜೊತೆ ಆತ ಬಾಯಿ ಮುಚ್ಚಿ ನರಳುತ್ತಾನೆ. ಶಿಲುಬೆಗೇರುವ ಮುಂಚೆ ಗೆತ್ಸೆಮನೆ ತೋಟದಲ್ಲಿ ಯೇಸು ಒಬ್ಬನೇ ಪ್ರಾರ್ಥಿಸಿದ ರಾತ್ರಿಯ ಮೇಲಿನ ಹಳೇ ಸ್ತೋತ್ರವೊಂದರಿಂದ ಆ ಹೆಸರು ಬಂದಿದೆ. ಮಾತಿಗೆ ಸಿಗದ ನರಳಾಟದಿಂದ ಪವಿತ್ರಾತ್ಮನು ನಮಗಾಗಿ ಬೇಡಿಕೊಳ್ಳುತ್ತಾನೆ ಅಂತ ಯೇಸುವಿನ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದಿದ್ದಾನೆ. ಆ ವಚನಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನಾನು ಯಾವ ಬೋಧನೆಯಲ್ಲೂ ಕೇಳಿಲ್ಲ.

1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳು ಹೊರಟಾಗ ಭೂಮಿಯ ಸಂಗೀತ ಅಂತ ಚಿನ್ನದ ಲೇಪದ ಒಂದು ರೆಕಾರ್ಡ್ ತಟ್ಟೆ ಕಳಿಸಿದರಲ್ಲ, ಅದರಲ್ಲಿ ಈ ಹಾಡೂ ಇದೆ. ನಮ್ಮ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಅದೇ ತಟ್ಟೆಯಲ್ಲಿದೆ. ಇದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಆದರೆ ಜಾನ್ಸನ್ ಸತ್ತದ್ದು 1945ರಲ್ಲಿ, ಬೋಮಾಂಟ್ ಎಂಬ ಊರಿನಲ್ಲಿ, ಬಡತನದಲ್ಲಿ. ಮನೆಗೆ ಬೆಂಕಿ ಬಿದ್ದ ಮೇಲೂ ಹೋಗಲು ಬೇರೆ ಜಾಗ ಇಲ್ಲದೆ ಆ ಸುಟ್ಟ ಮನೆಯಲ್ಲೇ ಒದ್ದೆ ಹಾಸಿಗೆಯ ಮೇಲೆ ಮಲಗಿದ್ದರು, ಜ್ವರ ಬಂತು ಅಂತ ಹೆಂಡತಿ ಹೇಳಿದ್ದಾರೆ. ನಕ್ಷತ್ರಗಳ ತನಕ ಹಾಡು ಹೋಯಿತು ಅಂತ ಹೇಳಿ ಅವನ ಕಷ್ಟವನ್ನು ಚಂದ ಮಾಡಲು ನನಗೆ ಮನಸ್ಸಿಲ್ಲ. ಅವನಿಗೆ ಸಿಗಬೇಕಾದದ್ದು ಸಿಗಲಿಲ್ಲ. ಅದು ಅನ್ಯಾಯ.

ಈಗ ನನಗೆ ಎಲ್ಲರಿಗಿಂತ ಹತ್ತಿರದವನ ವಿಷಯ. ಮಾರ್ಕ್ ಹರ್ಡ್, ತಾನೇ ಹಾಡು ಕಟ್ಟಿ ಹಾಡುತ್ತಿದ್ದವನು. ಈ ಹೆಸರು ನೀನು ಕೇಳಿರಲು ಸಾಧ್ಯವೇ ಇಲ್ಲ. ಅಮೆರಿಕದಲ್ಲೇ ಕೇಳಿದವರು ಕಡಿಮೆ. 1951ರಲ್ಲಿ ಜಾರ್ಜಿಯಾದ ಮೇಕನ್ನಿನಲ್ಲಿ ಹುಟ್ಟಿದವನು. ಸ್ವಿಟ್ಜರ್ಲೆಂಡಿನ ಗುಡ್ಡದ ಮೇಲೆ ಫ್ರಾನ್ಸಿಸ್ ಶೇಫರ್ ಅಂತ ಒಬ್ಬ ಪಾದ್ರಿ ಲಾಬ್ರಿ ಎಂಬ ಮನೆ ನಡೆಸುತ್ತಿದ್ದರು. ಸಂಶಯ ಇರುವ ಯುವಕರು ಅಲ್ಲಿಗೆ ಹೋಗಿ ಇದ್ದು, ಕೆಲಸ ಮಾಡಿ, ಕೇಳಬೇಕಾದ ಪ್ರಶ್ನೆಯನ್ನೆಲ್ಲ ಕೇಳಬಹುದಿತ್ತು. ಹರ್ಡ್ ಅಲ್ಲಿ ಕಲಿತವನು. ಪ್ರಶ್ನೆಯನ್ನು ನುಂಗಿಕೊಂಡು ಹಾಡುವುದು ಅವನಿಂದ ಆಗುತ್ತಿರಲಿಲ್ಲ. ಹಾಗಾಗಿ ಕ್ರೈಸ್ತ ರೇಡಿಯೋದವರಿಗೆ ಅವನ ಹಾಡು ಜಾಸ್ತಿ ದುಃಖದ್ದು, ಹೊರಗಿನ ಕಂಪನಿಗಳಿಗೆ ಜಾಸ್ತಿ ದೇವರದ್ದು. ನಡುವೆ ನಿಂತವನನ್ನು ಯಾರೂ ಕರೆಯಲಿಲ್ಲ. ಕ್ಯಾಲಿಫೋರ್ನಿಯಾದ ತನ್ನ ಮನೆಯಲ್ಲೇ ಸ್ಟುಡಿಯೋ ಕಟ್ಟಿಕೊಂಡು, ಬೇರೆಯವರ ಹಾಡಿಗೆ ರೆಕಾರ್ಡಿಂಗ್ ಕೆಲಸ ಮಾಡಿ ಸಂಸಾರ ಸಾಗಿಸಿದ.

ಅವನ ಕೊನೆಯ ಮೂರು ಆಲ್ಬಮ್‌ಗಳು 1990, 1991, 1992ರಲ್ಲಿ ಬಂದವು: 'ಡ್ರೈ ಬೋನ್ಸ್ ಡಾನ್ಸ್', 'ಸೆಕೆಂಡ್ ಹ್ಯಾಂಡ್', 'ಸ್ಯಾಟಲೈಟ್ ಸ್ಕೈ'. ನನ್ನ ಮಟ್ಟಿಗೆ ಈ ಮೂರನ್ನು ಮೀರಿಸುವ ಕ್ರೈಸ್ತ ಸಂಗೀತ ಆ ಕಾಲದ್ದು ಇನ್ನೊಂದಿಲ್ಲ. ಅಕಾರ್ಡಿಯನ್ನು, ಮ್ಯಾಂಡೊಲಿನ್ನು, ಕೆರೆದ ಹಾಗಿರುವ ಒಂದು ದನಿ. ಎರಡನೇ ಆಲ್ಬಮಿನಲ್ಲಿ ಮನೆ, ಮಗು, ದುಡ್ಡಿನ ಚಿಂತೆ, ವಯಸ್ಸಾಗುವ ಅಪ್ಪ ಅಮ್ಮ ಇಂಥವೇ ಜಾಸ್ತಿ. ಅದರಲ್ಲಿ ದೇವರ ಹೆಸರು ಅಪರೂಪಕ್ಕೆ ಬರುತ್ತದೆ. ಆದರೂ ಇಡೀ ಆಲ್ಬಮ್ ಪ್ರಾರ್ಥನೆಯ ಹಾಗೆ ಕೇಳಿಸುತ್ತದೆ. ಕೊನೆಯ ಆಲ್ಬಮಿನ ಕೊನೆಯ ಹಾಡು ಸತ್ತುಹೋದ ಪ್ರೀತಿಪಾತ್ರರೊಬ್ಬರನ್ನು ಕುರಿತದ್ದು. ಬೈಬಲಿನಲ್ಲಿ ಪ್ರವಾದಿ ಯೆಹೆಜ್ಕೇಲನ ಪುಸ್ತಕದಲ್ಲಿ ಒಣಗಿದ ಎಲುಬುಗಳ ಕಣಿವೆ ಬರುತ್ತದಲ್ಲ, ದೇವರ ಉಸಿರು ಬೀಸಿದಾಗ ಎಲುಬುಗಳು ಎದ್ದು ನಿಲ್ಲುತ್ತವಲ್ಲ, ಆ ಗಾಳಿ ಬೇಗ ಬೀಸಲಿ ಅಂತ ಹರ್ಡ್ ನೆಲದ ಮುಂದೆ ನಿಂತು ಕೂಗುತ್ತಾನೆ. ನನ್ನವರನ್ನು ಬಿಟ್ಟುಕೊಡು ಅಂತ ಮಣ್ಣಿಗೇ ಹೇಳುತ್ತಾನೆ. ಸತ್ತವರು ಮತ್ತೆ ಎದ್ದು ಬರುವ ಪುನರುತ್ಥಾನ ಅನ್ನುವುದನ್ನು ನಾನು ಪ್ರತಿ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ಹೇಳುತ್ತಾ ಬೆಳೆದವನು. ಅದು ಬೇಕು, ಅದಿಲ್ಲದೆ ಆಗುವುದಿಲ್ಲ ಅಂತ ಹೊಟ್ಟೆಯೊಳಗಿಂದ ಅನ್ನಿಸಿದ್ದು ಈ ಹಾಡು ಕೇಳಿ.

ಅದು ಬಂದ ವರ್ಷವೇ ಹರ್ಡ್ ಹೋದ. 1992ರ ಜುಲೈಯಲ್ಲಿ ಇಲಿನಾಯ್‌ನ ಕಾರ್ನರ್‌ಸ್ಟೋನ್ ಸಂಗೀತ ಉತ್ಸವದಲ್ಲಿ ವೇದಿಕೆಯ ಮೇಲೆ ಹಾಡುತ್ತಿದ್ದಾಗಲೇ ಹೃದಯಾಘಾತ ಆಯಿತು. ಆತ ಹಾಡು ಮುಗಿಸಿ ಆಮೇಲೆ ಆಸ್ಪತ್ರೆಗೆ ಹೋದ. ಆಗಸ್ಟ್ 16ರಂದು ತೀರಿಕೊಂಡ. ಆಗ ವಯಸ್ಸು 40. ಉತ್ಸವದ ಆ ದಿನ ಜೊತೆಗೆ ನಿಂತು ಹಾಡಿದವರಲ್ಲಿ ಪಿಯರ್ಸ್ ಪೆಟಿಸ್ ಒಬ್ಬರು. ತಾನು ಮಾಡುವ ಪ್ರತಿ ಆಲ್ಬಮಿನಲ್ಲೂ ಹರ್ಡ್‌ನ ಒಂದು ಹಾಡು ಇರಬೇಕು ಅಂತ ಅವರು ನಿಯಮ ಮಾಡಿಕೊಂಡರು, ನಡೆಸಿಕೊಂಡೂ ಬಂದರು. ಕೆನಡಾದ ಹಾಡುಗಾರ ಬ್ರೂಸ್ ಕೋಬರ್ನ್ ಅವನ ನೆನಪಿಗೆ ಒಂದು ಹಾಡು ಕಟ್ಟಿದರು. ಪಕ್ಕದಲ್ಲಿ ನಿಂತವರೇ ಹೀಗೆ ಹೊತ್ತುಕೊಂಡು ಬಂದದ್ದರಿಂದ ಅವನು ನನ್ನಂಥವನ ತನಕ ಬಂದ.

ಇಷ್ಟರಲ್ಲಿ ನಾನು ಚರ್ಚಿಗೂ ಹೋಗತೊಡಗಿದ್ದೆ. ಇಲ್ಲೇ ಒಂದು ಸಣ್ಣ ಕನ್ನಡ ಸಭೆ. ಒಂದು ಶುಭ ಶುಕ್ರವಾರ, ಯೇಸು ಸತ್ತದ್ದನ್ನು ನೆನೆಯುವ ದಿನ, ಸುಮ್ನೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಶುಭ ಶುಕ್ರವಾರ ಯಾಕೆ ಅಂದರೆ, ಆ ದಿನ ಗೆಲುವಿನ ಹಾಡು ಯಾರೂ ಹಾಡುವುದಿಲ್ಲ. ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಮೇಲೆ ಧ್ಯಾನ ನಡೆಯಿತು. ನಾಲ್ಕನೇ ಮಾತಿಗೆ ನಾನು ಮೇಲೆ ಹೇಳಿದ ಆ ಕೂಗು ಬಂತು. ಆರಾಧನೆ ಮುಗಿದ ಮೇಲೆ ಸಭಾಪಾಲಕರು, ಅಂದರೆ ಅಲ್ಲಿಯ ಪಾದ್ರಿ, ಬಂದು ಮಾತಾಡಿಸಿದರು. ನಾನು ಎಲ್ಲವನ್ನೂ ಹೇಳಿದೆ, ಅಮ್ಮನಿಗೆ ಒಬ್ಬರು ಹೇಳಿದ ಆ ಮಾತನ್ನೂ. ಅವರು ಅದಕ್ಕೆ ವಿವರಣೆ ಕೊಡಲಿಲ್ಲ. ತಂಗಿಯ ಹೆಸರು ಕೇಳಿದರು, ಅವಳು ಯಾವ ಸ್ವರ ಹಾಡುತ್ತಿದ್ದಳು ಅಂತ ಕೇಳಿದರು. ತೀರಿಕೊಂಡವರನ್ನು ನೆನೆಯುವ ಸಕಲ ಸಂತರ ದಿನದಂದು ಅವಳ ಹೆಸರನ್ನು ಸಭೆಯಲ್ಲಿ ಓದಿದರು. ಈಗ ಅಲ್ಲೇ ಹಾಡುವ ತಂಡದಲ್ಲಿ, ಕ್ವಾಯರ್‌ನಲ್ಲಿ, ಟೆನರ್ ಹಾಡುತ್ತೇನೆ. ನನ್ನ ಪಕ್ಕದ ಸಾಲಿನಲ್ಲಿ ಆಲ್ಟೊ ನಿಲ್ಲುತ್ತಾರೆ. ಒಂದೊಂದು ಭಾನುವಾರ ಕಷ್ಟ ಆಗುತ್ತದೆ. ಆದರೂ ಹಾಡುತ್ತೇನೆ.

ನಂಬಿಕೆಯ ಸಂತೋಷವನ್ನು ಮತ್ತೆ ಕಲಿಸಿದವನು ಇನ್ನೊಬ್ಬ ಅಮೆರಿಕದ ಹಾಡುಗಾರ, ರಿಚ್ ಮಲ್ಲಿನ್ಸ್. ಇವನನ್ನು ಪೂರ್ತಿ ಅಪರಿಚಿತ ಅನ್ನಲಾಗದು. ಇವನ ಒಂದು ಹಾಡು ಲೋಕದ ಅನೇಕ ಸಭೆಗಳಲ್ಲಿ ಹಾಡುತ್ತಾರೆ. ಹಾಡುವವರಿಗೆ ಕಟ್ಟಿದವನ ಹೆಸರು ಗೊತ್ತಿರುವುದಿಲ್ಲ, ಅಷ್ಟೇ. ಇವನು ಹ್ಯಾಮರ್ಡ್ ಡಲ್ಸಿಮರ್ ನುಡಿಸುತ್ತಿದ್ದ. ನಮ್ಮ ಸಂತೂರಿನ ಬಂಧು ಆ ವಾದ್ಯ, ಸದ್ದು ಕೇಳಿದ ಕೂಡಲೇ ನಿನಗೆ ಗೊತ್ತಾಗುತ್ತದೆ. ಆಲ್ಬಮ್‌ಗಳು ಮಾರಾಟವಾಗುತ್ತಿದ್ದವು, ದುಡ್ಡು ಬರುತ್ತಿತ್ತು. ಎಷ್ಟು ಬರುತ್ತದೆ ಅಂತ ತನಗೆ ಹೇಳಬೇಡಿ ಅಂತ ಲೆಕ್ಕ ನೋಡುವವರಿಗೆ ಹೇಳಿದ್ದ. ಒಬ್ಬ ಸಾಮಾನ್ಯ ಕೆಲಸಗಾರನ ಸಂಬಳದಷ್ಟು ಅವನಿಗೆ, ಉಳಿದದ್ದು ಬೇರೆಯವರಿಗೆ. ಕೊನೆಯ ವರ್ಷಗಳಲ್ಲಿ ಮೂಲನಿವಾಸಿ ನವಾಹೋ ಜನರ ನಡುವೆ ಹೋಗಿ ಇದ್ದು ಮಕ್ಕಳಿಗೆ ಸಂಗೀತ ಕಲಿಸಿದ. 1997ರ ಸೆಪ್ಟೆಂಬರಿನಲ್ಲಿ, ಯಾರೂ ಬಳಸದ ಒಂದು ಹಳೇ ಚರ್ಚಿನಲ್ಲಿ ಕೂತು, ಯೇಸುವಿನ ಮೇಲಿನ ತನ್ನ ಹೊಸ ಹಾಡುಗಳನ್ನು ಸಣ್ಣ ಟೇಪ್ ರೆಕಾರ್ಡರಿನಲ್ಲಿ ಹಾಡಿಟ್ಟ. 9 ದಿನ ಕಳೆದು, 19ರಂದು, ರಸ್ತೆ ಅಪಘಾತದಲ್ಲಿ ತೀರಿಕೊಂಡ. ಆ ಟೇಪು ಮುಂದಿನ ವರ್ಷ ಹಾಗೇ ಹೊರಬಂತು, ಜೊತೆಗೆ ಗೆಳೆಯರು ಸೇರಿ ಸ್ಟುಡಿಯೋದಲ್ಲಿ ಮಾಡಿದ ಇನ್ನೊಂದು ರೂಪವೂ ಬಂತು. ನನಗೆ ಟೇಪೇ ಇಷ್ಟ. ಅಲ್ಲಲ್ಲಿ ದನಿ ತಪ್ಪುತ್ತದೆ, ಗಿಟಾರ್ ಕೆಟ್ಟದಾಗಿ ಕೇಳಿಸುತ್ತದೆ, ಆದರೂ ಅದೇ ಇಷ್ಟ.

ಇವರೆಲ್ಲ ಅಮೆರಿಕದವರೇ ಆಯಿತಲ್ಲ, ನಮ್ಮೂರಲ್ಲಿ ಯಾರೂ ಇಲ್ಲವಾ ಅಂತ ನೀನು ಕೇಳುತ್ತೀಯ. ಇದ್ದಾರೆ. ಕಿಟೆಲ್ ಅವರನ್ನೇ ತೆಗೆದುಕೋ. 1853ರಲ್ಲಿ ಜರ್ಮನಿಯಿಂದ ಇಲ್ಲಿಗೆ ಬಂದ ಬಾಸೆಲ್ ಮಿಷನ್ ಪಾದ್ರಿ. 1894ರ ಅವರ ನಿಘಂಟು ನಿನ್ನ ಕಪಾಟಿನಲ್ಲೂ ಇದೆ. ಆದರೆ ಅದಕ್ಕೂ ಬಹಳ ಮೊದಲು, 1862ರಲ್ಲಿ, ಅವರು 'ಕಥಾಮಾಲೆ' ಅಂತ ಯೇಸುವಿನ ಕಥೆಯನ್ನು ಪದ್ಯದಲ್ಲಿ ಕಟ್ಟಿದ್ದರು. ಜರ್ಮನಿಯ ರಾಗಕ್ಕೆ ಕನ್ನಡ ಮಾತು ಹೊಂದಿಸಿ ಹಾಡುವ ಕಾಲ ಅದು. ಕಿಟೆಲ್ ಈ ನೆಲದ ಛಂದಸ್ಸನ್ನೇ ಹಿಡಿದರು. ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿ 1875ರಲ್ಲಿ ಅಚ್ಚು ಹಾಕಿಸಿದ್ದೂ ಅವರೇ. ನಿಘಂಟಿನ ಕಿಟೆಲ್ ಎಲ್ಲರಿಗೂ ಬೇಕು, ಹಾಡು ಕಟ್ಟಿದ ಕಿಟೆಲ್ ಯಾರಿಗೂ ನೆನಪಿಲ್ಲ. ನಮ್ಮ ಸಭೆಯವರಿಗೂ ಇಲ್ಲ. 'ಕಥಾಮಾಲೆ'ಯ ಕೆಲವು ಪದ್ಯಗಳನ್ನಾದರೂ ನಮ್ಮ ಕ್ವಾಯರ್‌ನಲ್ಲಿ ಹಾಡಿಸಬೇಕು ಅಂತ ನನಗೆ ಆಸೆ. ಸಭಾಪಾಲಕರು ಆಗಲಿ ಅಂದಿದ್ದಾರೆ. ಧಾಟಿ ಹಾಕಲು ನೀನು ಬರಬೇಕು. ಷಟ್ಪದಿ ಓದುವ ಕ್ರಮ ನನಗಿಂತ ನಿನಗೆ ಚೆನ್ನಾಗಿ ಗೊತ್ತು, ಗಮಕ ಕಲಿತವನು ನೀನು.

ನೀನು ಕೇಳಿದ್ದಕ್ಕೆ ನೇರ ಉತ್ತರ ಬೇಕಾದರೆ ಹೇಳುತ್ತೇನೆ. ಯೇಸು ಸತ್ತು ಎದ್ದಿದ್ದಾನೆ ಅಂತ ನಾನು ನಂಬುತ್ತೇನೆ. ತಂಗಿಯನ್ನು ಮತ್ತೆ ಕಾಣುತ್ತೇನೆ ಅಂತ ನಂಬುತ್ತೇನೆ. ಅವಳು ಯಾಕೆ ಅಷ್ಟು ಬೇಗ ಹೋದಳು ಅನ್ನುವುದಕ್ಕೆ ನನಗೆ ಉತ್ತರ ಸಿಕ್ಕಿಲ್ಲ. ಆ ಪ್ರಶ್ನೆಯನ್ನು ದೇವರ ಮುಂದೆ ಇಡುವುದನ್ನು ನಾನು ನಿಲ್ಲಿಸಿಲ್ಲ, ನಿಲ್ಲಿಸುವುದೂ ಇಲ್ಲ. ಬೈಬಲಿನ ಮಾರ್ಕನ ಸುವಾರ್ತೆಯಲ್ಲಿ ಕಾಯಿಲೆಯ ಮಗನನ್ನು ಕರೆತಂದ ಒಬ್ಬ ತಂದೆ ಬರುತ್ತಾನೆ. ನಂಬುತ್ತೇನೆ, ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡು ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ನನ್ನ ದಿನದ ಪ್ರಾರ್ಥನೆ ಈಗ ಅದೇ.

ಒಂದು ಕೆಲಸ ನಿನಗೆ ಹೇಳುವುದಿದೆ. ನಿಮ್ಮ ದೊಡ್ಡಮ್ಮ ಈಗಲೂ ಶನಿವಾರ ಭಜನಾ ಮಂದಿರದಲ್ಲಿ ಹಾಡುತ್ತಾರಾ? ಚಿಕ್ಕಂದಿನಲ್ಲಿ ಅವರ ಕನಕದಾಸರ ಪದ ಕೇಳಲು ನಾನೂ ಬಂದು ಹೊರಗೆ ನಿಲ್ಲುತ್ತಿದ್ದೆ. ಆ ಧಾಟಿ ನಾನು ಬೇರೆಲ್ಲೂ ಕೇಳಿಲ್ಲ. ಅವರ ಅಮ್ಮನಿಂದ ಬಂದದ್ದು ಅಂತ ಹೇಳಿದ್ದರು. ಅದನ್ನು ರೆಕಾರ್ಡ್ ಮಾಡು ಮಾರಾಯ, ಮುಂದೆ ಹಾಕಬೇಡ. ಮಂದಿರದಲ್ಲಿ ಬೇಡ, ಅಲ್ಲಿ ತಾಳದ ಸದ್ದಿಗೆ ಅವರ ದನಿ ಮುಚ್ಚಿಹೋಗುತ್ತದೆ. ಮನೆಯಲ್ಲಿ, ಫ್ಯಾನ್ ನಿಲ್ಲಿಸಿ, ಫೋನನ್ನು ಅವರಿಂದ ಒಂದು ಮೊಳ ದೂರ ಮಡಿಸಿದ ಬಟ್ಟೆಯ ಮೇಲೆ ಇಡು. ಮೊದಲು ಹೆಸರು, ಊರು, ಪದ ಯಾರಿಂದ ಕಲಿತದ್ದು ಅಂತ ಅವರ ಬಾಯಲ್ಲೇ ಹೇಳಿಸು. ಮರೆತ ಸಾಲು ಬಂದರೆ ನಿಲ್ಲಿಸಬೇಡ, ನೆನಪಿಸಿಕೊಳ್ಳುವುದೂ ಅದರಲ್ಲಿ ಇರಲಿ. ಆದ ಮೇಲೆ ನನಗೆ ಕಳಿಸು. ಹರ್ಡ್‌ನ ಮೂರು ಆಲ್ಬಮ್ ಒಂದು ಪೆನ್ ಡ್ರೈವಿನಲ್ಲಿ ಹಾಕಿ ಅಪ್ಪನ ಕೈಲಿ ಕಳಿಸುತ್ತಿದ್ದೇನೆ, ಎರಡನೆಯದರಿಂದ ಶುರು ಮಾಡು.

ನಿನ್ನ,
ಗೆಳೆಯ